ಕಪ್ಪು ಲೇಪದ ಮರೆಯಲ್ಲಿ

ಇಂಗ್ಲೆಂಡಿನ ವಿನ್ಸ್‌ಫರ್ಡ್ ಗಣಿಯಲ್ಲಿ ನೆಲದಾಳದಿಂದ ಅಗೆದ ಕಲ್ಲುಪ್ಪು ಚಳಿಗಾಲದಲ್ಲಿ ರಸ್ತೆಗಳ ಮೇಲೆ ಬೀಳುತ್ತದೆ. ಉಪ್ಪುನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ. ಹೀಗಾಗಿ ಚಕ್ರ ಜಾರದೆ ಜನರ ಜೀವ ಉಳಿಯುತ್ತದೆ. ಹಳೆಯ ಕಾರಿನ ತಗಡಿಗೆ ಮಾತ್ರ ಆ ಭಾಗ್ಯವಿಲ್ಲ.

ಎಂಜಿಬಿಯನ್ನೇ ನೋಡಿ. 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾದ ಈ ಸ್ಪೋರ್ಟ್ಸ್ ಕಾರಿಗೆ ಪ್ರತ್ಯೇಕ ಷಾಸಿ ಇಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾದುಹೋಗುವ ಟೊಳ್ಳು ಪೆಟ್ಟಿಗೆಗಳೇ, ಅಂದರೆ ಸಿಲ್‌ಗಳೇ, ಭಾರ ಹೊರಬೇಕು. ಮುಂಚಕ್ರ ಎರಚಿದ ಉಪ್ಪಿನ ಕೆಸರು ಮಡ್‌ಗಾರ್ಡಿನ ಹಿಂದೆ ಸೇರಿ, ಅಲ್ಲಿಂದ ಈ ಟೊಳ್ಳಿನೊಳಕ್ಕೆ ಇಳಿಯುತ್ತದೆ. ನೀರು ಬಸಿಯಲೆಂದು ಬಿಟ್ಟ ತೂತುಗಳನ್ನು ಮಣ್ಣು ಮುಚ್ಚಿದರಂತೂ ಕಥೆ ಮುಗಿಯಿತು. ಹೊರಗಿನ ಬಣ್ಣ ಗುಳ್ಳೆ ಏಳುವಷ್ಟರಲ್ಲಿ ಒಳಗಿನ ಉಕ್ಕು ಪುಡಿಯಾಗಿರುತ್ತದೆ. 1988ರಿಂದ ಈ ಕಾರಿಗೆ ಹೊಚ್ಚಹೊಸ ಬಾಡಿ ತಯಾರಿಸಿ ಮಾರುವ ವ್ಯಾಪಾರವೇ ನಡೆದಿದೆ ಎಂದರೆ ತುಕ್ಕಿನ ಹಸಿವನ್ನು ಊಹಿಸಬಹುದು.

ಇದಕ್ಕೆ ಬಹುಕಾಲದಿಂದ ಮಾಡುತ್ತ ಬಂದ ಮದ್ದು, ಅಡಿಗೆ ದಪ್ಪಗೆ ಬಳಿಯುವ ಡಾಂಬರಿನಂಥ ಕಪ್ಪು ಲೇಪ. ನೋಡಲು ಭದ್ರ, ಮುಟ್ಟಲು ಗಟ್ಟಿ. ಆ ಗಟ್ಟಿತನವೇ ಅದರ ದೋಷ. ವರ್ಷಗಳು ಕಳೆದಂತೆ ಒಣಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನುಗ್ಗಿದ ಉಪ್ಪುನೀರು ಗಾಳಿ ಸೋಕದೆ ಅಲ್ಲೇ ಕೂತು ಲೋಹವನ್ನು ತಿನ್ನುತ್ತದೆ. ಮಾರಾಟಕ್ಕಿಟ್ಟ ಹಳೆಯ ಕಾರಿನ ಅಡಿ ಹೊಸದಾಗಿ ಕಪ್ಪಗೆ ಹೊಳೆಯುತ್ತಿದ್ದರೆ, ಪಳಗಿದ ಗಿರಾಕಿ ಮೆಚ್ಚುವುದಿಲ್ಲ, ಕೆರೆದು ನೋಡಲು ಸ್ಕ್ರೂಡ್ರೈವರ್ ಕೇಳುತ್ತಾನೆ.

ಮೇಣದ ಎಣ್ಣೆಗಳ ಲೆಕ್ಕ ಬೇರೆ. ವ್ಯಾಕ್ಸಾಯಿಲ್, ಡಿನಿಟ್ರಾಲ್ ಅಥವಾ ಕುರಿಯುಣ್ಣೆಯ ಜಿಡ್ಡಾದ ಲ್ಯಾನೊಲಿನ್ ಬೆರೆತ ದ್ರವಗಳನ್ನು ಉದ್ದ ನಳಿಗೆಯಿಂದ ಟೊಳ್ಳುಗಳೊಳಗೆ ಸಿಂಪಡಿಸಿದರೆ ಅವು ತಗಡಿನ ಸಂದುಗಳಿಗೆ ಹರಿಯುತ್ತವೆ. ವಾಸನೆ ಬರುತ್ತದೆ, ಬಿಸಿಲಿಗೆ ತೊಟ್ಟಿಕ್ಕುತ್ತದೆ, ಚಕ್ರದ ಬಳಿ ಬೇಗ ತೊಳೆದುಹೋಗುತ್ತದೆ, ಮತ್ತೆ ಮತ್ತೆ ಹೊಡೆಯಬೇಕು. ಪ್ರದರ್ಶನದಲ್ಲಿ ಇದಕ್ಕೆ ಯಾರೂ ಬಹುಮಾನ ಕೊಡುವುದಿಲ್ಲ. ಆದರೂ ಗೆಲುವು ಈ ಅಂಟಂಟು ಕೆಲಸದ್ದೇ. ಕಾರನ್ನು ಮೊದಲು ತೊಳೆದು ಪೂರ್ತಿ ಒಣಗಿಸಿರಬೇಕು, ಅಷ್ಟೆ.

ಬೆಚ್ಚಗಿನ ಗ್ಯಾರೇಜೂ ಒಂದು ಮೋಸ. ಚಳಿಯಲ್ಲಿ ನಿಧಾನವಾಗುವ ತುಕ್ಕು, ಉಪ್ಪು ಮೆತ್ತಿದ ಒದ್ದೆ ಕಾರನ್ನು ಶಾಖಕ್ಕೆ ತಂದು ನಿಲ್ಲಿಸಿದೊಡನೆ ಚುರುಕಾಗುತ್ತದೆ. ಮಳೆ ರಸ್ತೆಯನ್ನು ತೊಳೆಯುವವರೆಗೆ ಗಾಡಿಯನ್ನು ಹೊರಗೆ ತೆಗೆಯದಿರುವುದು ಇದಕ್ಕಿಂತ ಅಗ್ಗ.

ದುಬಾರಿ ಲೋಹವೂ ಪೂರ್ಣ ರಕ್ಷೆಯಲ್ಲ. ಡಿಲೋರಿಯನ್ ಕಾರಿನ ಹೊರಮೈ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್. ಒಳಗಿನ ಷಾಸಿ ಮಾತ್ರ ಎಪಾಕ್ಸಿ ಬಳಿದ ಸಾಧಾರಣ ಉಕ್ಕು. ಲೇಪ ಕಿತ್ತ ಕಡೆ ಅದೂ ಕರಗುತ್ತದೆ.

ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ, ಹೆಚ್ಚಿನ ಮಾರ್ಪಾಡಾಗದ 40 ವರ್ಷ ಮೀರಿದ ಕಾರುಗಳಿಗೆ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಮಾಲೀಕರಿಗೆ ಇದು ಖುಷಿಯ ಸುದ್ದಿ, ಸಿಲ್‌ಗಳಿಗೆ ಅಲ್ಲ: ಸುತ್ತಿಗೆ ತಟ್ಟಿ ನೋಡುತ್ತಿದ್ದ ಪರೀಕ್ಷಕ ಈಗ ಕರೆದರಷ್ಟೇ ಬರುತ್ತಾನೆ. ವಿನಾಯಿತಿ ಇದ್ದರೂ ಶುಲ್ಕ ಕಟ್ಟಿ ಕಾರನ್ನು ಎತ್ತಿಸಿ ನೋಡಿಸುವವರು, ಕಪ್ಪು ಲೇಪದ ಡಬ್ಬಿ ಕೊಳ್ಳುವವರಿಗಿಂತ ಹಣವನ್ನು ಚೆನ್ನಾಗಿ ಬಳಸುತ್ತಿದ್ದಾರೆ.