ನಡೆಸಿ ನೋಡುವ ಕಣ್ಣು

ಇಂಗ್ಲೆಂಡಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದ 2016ರ ಚಿತ್ರಗಳನ್ನು ಭಾಲ್ಕಿಯ ನಮ್ಮ ಮನೆಯಲ್ಲಿ ಮಗ ಮೊಬೈಲಿನಲ್ಲಿ ತೋರಿಸುತ್ತಿದ್ದ. ಔರಾದ ಕಡೆಯ ಹಳ್ಳಿಯಿಂದ ಬಂದಿದ್ದ ಸೋದರಮಾವ ಪಕ್ಕದಲ್ಲಿದ್ದರು. ಜೀವಮಾನವೆಲ್ಲ ದೇವಣಿ ದನ ಸಾಕಿದವರು. ಬೆನ್ನು ಹಿಂದಕ್ಕೆ ಇಳಿಜಾರಾದ ಒಂದು ಜರ್ಮನ್ ಶೆಫರ್ಡ್ ಹೆಣ್ಣುನಾಯಿ ನಡೆಯಲು ಕಷ್ಟಪಡುವಂತೆ ಕಾಣುತ್ತಿತ್ತು. ಆ ತಳಿಯ ಮೊದಲ ಬಹುಮಾನ ಅದಕ್ಕೇ. ಮಾವ ಕೇಳಿದರು: "ಬಹುಮಾನ ಕೊಟ್ಟಂವಾ ಅದರ ಕಾಲು ನೋಡ್ಯಾನೋ, ಕಾಗದ ನೋಡ್ಯಾನೋ?"

ಹಾಸ್ಯಕ್ಕೆ ಕೇಳಿದ ಮಾತಲ್ಲ ಅದು. ಇಂಥ ಪ್ರದರ್ಶನಗಳಲ್ಲಿ ತೀರ್ಪುಗಾರ ನಾಯಿಯನ್ನು ಪಕ್ಕದ ನಾಯಿಗೆ ಹೋಲಿಸುವುದಕ್ಕಿಂತ, ಆ ತಳಿ ಹೀಗಿರಬೇಕೆಂದು ಬರೆದಿಟ್ಟ ಮಾನದಂಡಕ್ಕೆ ಹೋಲಿಸುತ್ತಾನೆ. ಹಲ್ಲು, ಕಿವಿ, ಭುಜ, ಬಾಲ ಎಲ್ಲವನ್ನೂ ಮುಟ್ಟಿ ನೋಡುತ್ತಾನೆ, ಒಂದು ಸುತ್ತು ಓಡಿಸುತ್ತಾನೆ. ಕ್ರಮವೇನೋ ಒಳ್ಳೆಯದೇ. ಬರೆದಿಟ್ಟ ಮಾತಿಲ್ಲದಿದ್ದರೆ ತಳಿ ಉಳಿಯುವುದು ಕಷ್ಟ. ಆದರೆ ಗೆದ್ದ ನಾಯಿಯ ಮರಿಗೇ ಬೇಡಿಕೆ. ಚಪ್ಪಟೆ ಮೂಗು ಗೆದ್ದರೆ ಮುಂದಿನ ಪೀಳಿಗೆಯಲ್ಲಿ ಇನ್ನಷ್ಟು ಚಪ್ಪಟೆ. ಕೊನೆಗೆ ಉಸಿರಾಟಕ್ಕೇ ಸಂಚಕಾರ. 2008ರಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರವೊಂದು ಇದನ್ನು ಬಯಲಿಗೆಳೆಯಿತು. ಬಳಿಕ ಬಿಬಿಸಿಯೇ ಕ್ರಫ್ಟ್ಸ್ ಪ್ರಸಾರವನ್ನು ನಿಲ್ಲಿಸಿತು. 2012ರಲ್ಲಿ ಪಶುವೈದ್ಯರು ಪರೀಕ್ಷಿಸಿದಾಗ ಬುಲ್‌ಡಾಗ್, ಪೆಕಿನೀಸ್ ಸೇರಿ 6 ತಳಿಗಳ ವಿಜೇತರು ಮುಂದಿನ ಸುತ್ತಿಗೆ ಅನರ್ಹರಾದರು. ತೀರ್ಪುಗಾರನ ಕಣ್ಣು ಒಪ್ಪಿದ್ದನ್ನು ವೈದ್ಯರ ಕಣ್ಣು ಒಪ್ಪಲಿಲ್ಲ.

ನಮ್ಮ ಭಾಗದ ದೇವಣಿಗೂ ಲಕ್ಷಣಗಳುಂಟು. ಮುಖದ ಬದಿಯಷ್ಟೇ ಕಪ್ಪಾದದ್ದು ವನ್ನೆರಾ, ಹೊಟ್ಟೆಯ ಕೆಳಗೆ ಕಪ್ಪು ಮಚ್ಚೆಯದ್ದು ಬಾಲಂಕ್ಯಾ, ಮೈತುಂಬ ಚದುರಿದ ಮಚ್ಚೆಯದ್ದು ಶೇವರಾ. ಆದರೆ ಮಾವ ಬಣ್ಣಕ್ಕೆ ಮರುಳಾಗಿ ದುಡ್ಡು ಬಿಚ್ಚಿದವರಲ್ಲ. ಹಲ್ಲು ಎಣಿಸಿ, ಗೊರಸು ನೋಡಿ, ನಡೆಸಿ, ಕೊನೆಗೆ ನೊಗಕ್ಕೆ ಕಟ್ಟಿಯೇ ವ್ಯಾಪಾರ. ದೇವಣಿ ಹಾಲಿಗೂ ಬೇಕು, ಹೊಲಕ್ಕೂ ಬೇಕು. ಅದರ ಚೆಲುವು ಆ ಎರಡು ಕೆಲಸದ ಆಚೆಗಿಲ್ಲ.

ಹಾಗೆಂದು ನಮ್ಮವರೇ ಜಾಣರೆಂದು ಬೀಗಬೇಕಿಲ್ಲ. ಇದೇ ಮಾವ ಒಮ್ಮೆ ಬೆನ್ನ ಮೇಲಿನ ಸುಳಿ ಕೆಟ್ಟದ್ದೆಂದು ಯಾರೋ ಹೇಳಿದ್ದಕ್ಕೆ ಬಂಗಾರದಂಥ ಎತ್ತನ್ನು ಅರ್ಧ ಬೆಲೆಗೆ ಮಾರಿದ್ದರು. ಕೊಂಡವನು ಅದರಿಂದ ವರ್ಷಗಟ್ಟಲೆ ಉತ್ತಿದ. ಅದನ್ನು ನೆನಪಿಸಿದೆ. ಮಾವ ಮೊಬೈಲಿನ ನಾಯಿಯನ್ನೇ ನೋಡುತ್ತ, "ನಮಗೂ ಕಾಗದ ಅದಾವ, ಬರದಿಲ್ಲ ಅಷ್ಟ," ಎಂದರು.

ಈ ಮಾತು ಬೀದರಕ್ಕೆ ದೂರದ್ದಲ್ಲ. 2004ರಲ್ಲಿ ಇಲ್ಲಿ ಆರಂಭವಾದ ಪಶುವೈದ್ಯ ವಿಶ್ವವಿದ್ಯಾಲಯದ ಅಡಿಯಲ್ಲೇ ಮುಧೋಳದ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರವಿದೆ. ಮುಧೋಳ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ಸಿಕ್ಕಿತು. 2016ರಲ್ಲಿ ಅದರ ಮರಿಗಳು ಸೈನ್ಯದ ತರಬೇತಿಗೂ ಹೋದವು. ಕೀರ್ತಿ ಬಂದಲ್ಲಿ ಬಹುಮಾನ, ಬಹುಮಾನದ ಹಿಂದೆ ಮರಿಯ ಬೆಲೆ. ಆಳವಾದ ಎದೆ, ಸಣ್ಣ ನಡು, ಉದ್ದ ಕಾಲು ಇವೆಲ್ಲ ಮೊಲದ ಹಿಂದೆ ಓಡಿದ ಓಟದಿಂದ ಬಂದವು. ಆ ನಡುವನ್ನು ನೋಟಕ್ಕೆಂದು ಇನ್ನೂ ಸಣ್ಣದಾಗಿಸಲು ಹೊರಟರೆ ಉಳಿಯುವುದು ಹೆಸರು ಮಾತ್ರ. ನಮ್ಮ ತೀರ್ಪುಗಾರರು ಅಳತೆಯ ಪಟ್ಟಿ ಬಿಚ್ಚುವ ಮುನ್ನ ನಾಯಿಯನ್ನೊಮ್ಮೆ ಬಯಲಿಗೆ ಬಿಟ್ಟು ನೋಡಲಿ.