ನಗರ ಯಾವುದು? ಅಳತೆಗೋಲಿನ ಒಂದು ವಿಮರ್ಶೆ

2001ರ ಜನಗಣತಿಯಂತೆ ಕೇರಳದ ನಗರವಾಸಿಗಳ ಪ್ರಮಾಣ ಸುಮಾರು ಶೇಕಡ 26. 2011ರಲ್ಲಿ ಅದು ಸುಮಾರು ಶೇಕಡ 48. ಹತ್ತೇ ವರ್ಷಗಳಲ್ಲಿ ಅಷ್ಟೊಂದು ಜನ ಗಂಟುಮೂಟೆ ಕಟ್ಟಿಕೊಂಡು ಪಟ್ಟಣ ಸೇರಿದರೇ? ಇಲ್ಲ. ಬಹುಪಾಲು ಜನ ಇದ್ದಲ್ಲೇ ಇದ್ದರು. ಅವರ ಊರುಗಳು ಗ್ರಾಮಗಳ ಪಟ್ಟಿಯಿಂದ ಪಟ್ಟಣಗಳ ಪಟ್ಟಿಗೆ ದಾಟಿದವು. ಹಾಗಾದರೆ ಊರನ್ನು ಪಟ್ಟಣವೆಂದು ತೀರ್ಮಾನಿಸುವ ಅಳತೆಗೋಲು ಯಾವುದು? ಅದು ಎಷ್ಟರಮಟ್ಟಿಗೆ ಸರಿ?

ನಮ್ಮ ಜನಗಣತಿಯಲ್ಲಿ ಪಟ್ಟಣಗಳು ಎರಡು ಬಗೆ. ಮಹಾನಗರಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಂಥ ಆಡಳಿತವಿರುವ ಊರು ‘ಶಾಸನಬದ್ಧ ಪಟ್ಟಣ’. ಅಂಥ ಆಡಳಿತವಿಲ್ಲದಿದ್ದರೂ ಮೂರು ಷರತ್ತುಗಳನ್ನು ಪೂರೈಸುವ ಊರು ‘ಜನಗಣತಿ ಪಟ್ಟಣ’. ಜನಸಂಖ್ಯೆ ಕನಿಷ್ಠ 5000 ಇರಬೇಕು. ಸಾಂದ್ರತೆ ಚದರ ಕಿಲೋಮೀಟರಿಗೆ ಕನಿಷ್ಠ 400 ಇರಬೇಕು. ವರ್ಷದ ಹೆಚ್ಚಿನ ಅವಧಿ ದುಡಿಯುವ ಪುರುಷರಲ್ಲಿ ಕನಿಷ್ಠ ಶೇಕಡ 75 ಮಂದಿ ಬೇಸಾಯೇತರ ಕೆಲಸದಲ್ಲಿರಬೇಕು. 2001ರಿಂದ 2011ರ ವೇಳೆಗೆ ದೇಶದಲ್ಲಿ ಶಾಸನಬದ್ಧ ಪಟ್ಟಣಗಳು 3799ರಿಂದ 4041ಕ್ಕೆ ಏರಿದರೆ, ಜನಗಣತಿ ಪಟ್ಟಣಗಳು 1362ರಿಂದ 3894ಕ್ಕೆ ಏರಿದವು. ಕೇರಳದಲ್ಲಿ ಇವು 99ರಿಂದ 461 ಆದವು.

ಸರ್ಕಾರದ ಘೋಷಣೆಗೆ ಕಾಯದೆ ಬದಲಾವಣೆಯನ್ನು ಗುರುತಿಸುವುದು ಈ ಅಳತೆಗೋಲಿನ ಗುಣ. ಆದರೆ ಅದರಲ್ಲಿ ಮೂರು ದೋಷಗಳಿವೆ.

ಮೊದಲನೆಯದು ಸಾಂದ್ರತೆಯದು. ಒಂದು ಚದರ ಕಿಲೋಮೀಟರಿನಲ್ಲಿ 6000 ಜನ ಒತ್ತಾಗಿ ನೆಲೆಸಿದ್ದಾರೆ ಎಂದುಕೊಳ್ಳಿ. ಹೊಲ, ಕಾಡು ಸೇರಿ ಗ್ರಾಮದ ಎಲ್ಲೆ 10 ಚದರ ಕಿಲೋಮೀಟರ್ ಇದ್ದರೆ ಸಾಂದ್ರತೆ 600. 20 ಇದ್ದರೆ 300. ಮನೆಗಳು ಅವೇ, ಜನ ಅವರೇ. ಆದರೂ ಮೊದಲನೆಯದು ಷರತ್ತನ್ನು ದಾಟುತ್ತದೆ, ಎರಡನೆಯದು ದಾಟುವುದಿಲ್ಲ.

ಎರಡನೆಯದಾಗಿ, ಮಹಿಳೆಯರ ದುಡಿಮೆ ಲೆಕ್ಕಕ್ಕೇ ಇಲ್ಲ. ಗಂಡಸರು ಗಾರೆ ಕೆಲಸಕ್ಕೆ, ಕಾರ್ಖಾನೆಗೆ ಹೋಗಿ, ಹೊಲದ ಕೆಲಸವೆಲ್ಲ ಹೆಂಗಸರ ಮೇಲೆ ಬಿದ್ದಿದ್ದರೂ ಆ ಊರು ಬೇಸಾಯ ಬಿಟ್ಟಿತೆಂದೇ ಅರ್ಥ.

ಮೂರನೆಯದು ಕಾಲದ ಅಂತರ. 2011ರ ಪಟ್ಟಿಯನ್ನು ಗಣತಿಗೆ ಮೊದಲೇ, 2001ರ ಅಂಕಿ-ಅಂಶಗಳಿಂದ ಸಿದ್ಧಪಡಿಸಲಾಯಿತು. ಆಗ 4000 ಜನರಿದ್ದ ಊರು 2011ಕ್ಕೆ 5000 ಮುಟ್ಟೀತೆಂಬ ಊಹೆಯಿತ್ತು. 2021ರ ಗಣತಿ ನಡೆಯಲಿಲ್ಲ. ಆದ್ದರಿಂದ ಮುಂದಿನ ಪಟ್ಟಿಯನ್ನೂ ಹಾಗೆಯೇ ತಯಾರಿಸಿದರೆ ಆಧಾರ 2011ರ ಲೆಕ್ಕವೇ.

2020ರಲ್ಲಿ ವಿಶ್ವಸಂಸ್ಥೆಯ ಸಂಖ್ಯಾಶಾಸ್ತ್ರ ಆಯೋಗ ಬೇರೊಂದು ವಿಧಾನವನ್ನು ಅನುಮೋದಿಸಿತು. ಇದರಲ್ಲಿ ನೆಲವನ್ನು ಒಂದೊಂದು ಚದರ ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸುತ್ತಾರೆ. ತಲಾ 1500 ಜನರಾದರೂ ಇರುವ ಚೌಕಗಳು ಒಂದಕ್ಕೊಂದು ತಾಗಿದ್ದು, ಒಟ್ಟು 50,000 ಜನರಿದ್ದರೆ ಅದು ನಗರ. ಗ್ರಾಮದ ಎಲ್ಲೆಯ ತೊಡಕು ಇಲ್ಲಿಲ್ಲ. ಆದರೆ ವೃತ್ತಿಯ ಪ್ರಶ್ನೆಯೂ ಇಲ್ಲ. ಪ್ರತಿ ಚೌಕದ ಜನಸಂಖ್ಯೆ ದೊರೆಯದಿದ್ದರೆ ಉಪಗ್ರಹ ಚಿತ್ರದ ಕಟ್ಟಡಗಳಿಂದ ಅಂದಾಜು ಮಾಡಬೇಕಾಗುತ್ತದೆ.

ಇದು ಬರಿಯ ವ್ಯಾಖ್ಯೆಯ ಚರ್ಚೆಯಲ್ಲ. ಜನಗಣತಿ ಪಟ್ಟಣವು ಲೆಕ್ಕದಲ್ಲಿ ನಗರ, ಆಡಳಿತದಲ್ಲಿ ಗ್ರಾಮ. ಅಲ್ಲಿನ ಚರಂಡಿ, ಕಸ, ಕುಡಿಯುವ ನೀರಿನ ಹೊಣೆ ಗ್ರಾಮ ಪಂಚಾಯಿತಿಯದೇ. 2011ರಲ್ಲಿ ಭಾರತದ ಶೇಕಡ 31.16 ಜನ ನಗರವಾಸಿಗಳೆಂದು ತರಗತಿಯಲ್ಲಿ ಹೇಳುವಾಗ, ಯಾವ ಅಳತೆಗೋಲಿನಿಂದ ಎಂಬುದನ್ನೂ ಶಿಕ್ಷಕರು ಹೇಳಬೇಕು. ಏಕಮಾನವಿಲ್ಲದ ಅಳತೆ ಭೌತವಿಜ್ಞಾನದಲ್ಲಿ ಹೇಗೆ ಅಪೂರ್ಣವೋ, ವ್ಯಾಖ್ಯೆಯಿಲ್ಲದ ಶೇಕಡಾವಾರು ಇಲ್ಲಿಯೂ ಹಾಗೆಯೇ.