ಹಾಲೂಡುವಾಗ ಪಕ್ಕದಲ್ಲಿ ಕೂರುವವರು

ಎದೆಹಾಲಿಗೆ ಉತ್ತೇಜನ ಕೊಡಲು ಕೇಂದ್ರ ಆರೋಗ್ಯ ಸಚಿವಾಲಯ 2016ರ ಆಗಸ್ಟ್‌ನಲ್ಲಿ ಆರಂಭಿಸಿದ ಕಾರ್ಯಕ್ರಮದ ಹೆಸರು ‘ಮಾ’. ‘ಮದರ್ಸ್ ಅಬ್ಸಲ್ಯೂಟ್ ಅಫೆಕ್ಷನ್’, ಅಂದರೆ ತಾಯಿಯ ಪರಿಪೂರ್ಣ ಮಮತೆ ಎಂಬುದರ ಮೊದಲಕ್ಷರಗಳು. ನನ್ನ ಮೊದಲ ತಕರಾರು ಈ ಹೆಸರಿನ ಮೇಲೆಯೇ. ಹಾಲೂಡುವುದೇ ಮಮತೆಯ ಅಳತೆಗೋಲಾದರೆ, ಮಗು ಮೊಲೆ ಹಿಡಿಯದೆ ರಾತ್ರಿಯೆಲ್ಲ ಅತ್ತಾಗ ಬಾಣಂತಿ ತನ್ನ ಮಮತೆಯಲ್ಲೇ ಏನೋ ಕೊರತೆಯಿದೆ ಅಂದುಕೊಳ್ಳುತ್ತಾಳೆ. ಹಾಲೂಡುವುದು ತಾಯಿ ಮಗು ಇಬ್ಬರೂ ಕಲಿಯಬೇಕಾದ ಕೆಲಸ. ಕಲಿಸುವವರು ಬೇಕು.

ನನ್ನ ತಂಗಿಗೆ ಸಿಸೇರಿಯನ್ ಆಗಿತ್ತು. ವಾರ್ಡಿನ ಗೋಡೆಯ ತುಂಬ ಎದೆಹಾಲಿನ ಮಹಿಮೆ ಸಾರುವ ಪೋಸ್ಟರುಗಳು. ಬಂದವರೆಲ್ಲ ‘ಹಾಲು ಕುಡಿಸಮ್ಮ’ ಎಂದು ಹೇಳಿ ಹೋದರು. ಎರಡನೆಯ ದಿನ ಸಂಜೆಗೆ ‘ಹಾಲು ಸಾಲ್ತಿಲ್ಲ’ ಎಂದು ಡಬ್ಬಿ ಹಾಲು ಬರೆದುಕೊಟ್ಟರು. ತೊಟ್ಟು ಬಿರಿದು ರಕ್ತ ಜಿನುಗುತ್ತಿದ್ದದ್ದನ್ನು ಒಬ್ಬರೂ ನೋಡಿರಲಿಲ್ಲ. ಮರುದಿನ ರಾತ್ರಿಪಾಳಿಗೆ ಬಂದ ಹಿರಿಯ ನರ್ಸ್ ಒಬ್ಬರು ಸ್ಟೂಲ್ ಎಳೆದುಕೊಂಡು ಕೂತು, ‘ಈಗ ಕುಡಿಸು, ನೋಡೋಣ’ ಅಂದರು. ಮಗು ಬರೀ ತೊಟ್ಟನ್ನು ಚೀಪುತ್ತಿತ್ತು. ಬಿಡಿಸಿದರು. ಅದು ಬಾಯಿ ಅಗಲಿಸುವವರೆಗೆ ಕಾದು, ತೊಟ್ಟಿನ ಸುತ್ತಲ ಕಪ್ಪು ಭಾಗವೂ ಬಾಯೊಳಗೆ ಸೇರುವಂತೆ, ಗದ್ದ ಎದೆಗೆ ಒತ್ತುವಂತೆ ಹಿಡಿಸಿದರು. ಸ್ವಲ್ಪ ಹೊತ್ತಿಗೆ ಮಗು ನುಂಗುವ ಸದ್ದು ಕೇಳಿಸಿತು. ತಂಗಿ ಹಲ್ಲು ಕಚ್ಚುವುದನ್ನು ಬಿಟ್ಟಿದ್ದಳು.

ಈ ರಂಗದ ಯಾವ ಯೋಜನೆಯನ್ನೂ ನಾನು ತೂಗುವುದು ಆ ಸ್ಟೂಲಿನಿಂದ. ಯಾರಾದರೂ ಕೂತು ಒಂದು ಸಲವಾದರೂ ಪೂರ್ತಿ ನೋಡಿದರೇ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ದೇಶದ ಶೇ 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತವೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಗುವುದು ಶೇ 41.8 ಮಕ್ಕಳಿಗೆ ಮಾತ್ರ. ಅಂದಮೇಲೆ ತಪ್ಪನ್ನು ತಾಯಂದಿರ ಅಜ್ಞಾನದ ಮೇಲೆ ಹೊರಿಸುವಂತಿಲ್ಲ. ಆ ಒಂದು ಗಂಟೆ ಕಳೆಯುವುದು ತರಬೇತಾದವರ ಕಣ್ಣೆದುರಿಗೇ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2018ರಲ್ಲಿ ಪರಿಷ್ಕರಿಸಿದ ಹತ್ತು ಸೂತ್ರಗಳಲ್ಲಿ ಐದನೆಯದು, ಹಾಲೂಡಲು ಶುರುಮಾಡುವುದಕ್ಕೂ ಎದುರಾಗುವ ತೊಡಕುಗಳನ್ನು ನಿಭಾಯಿಸುವುದಕ್ಕೂ ತಾಯಿಗೆ ನೆರವಾಗಬೇಕು ಅನ್ನುತ್ತದೆ. ಪೋಸ್ಟರ್ ಅಂಟಿಸಿದ ಮಾತ್ರಕ್ಕೆ ಇದು ಪೂರೈಸುವುದಿಲ್ಲ.

ಕಾನೂನು ಗಟ್ಟಿಯಾಗಿದೆ. ಡಬ್ಬಿ ಹಾಲು, ಹಾಲಿನ ಬಾಟಲಿಗಳ ಜಾಹೀರಾತನ್ನೂ ಉಚಿತ ಸ್ಯಾಂಪಲನ್ನೂ ತಡೆಯುವ 1992ರ ಕಾಯ್ದೆಯನ್ನು 2003ರಲ್ಲಿ ಇನ್ನಷ್ಟು ಬಿಗಿ ಮಾಡಿದರು. ನನಗೆ ಇದಕ್ಕಿಂತಲೂ ಮೆಚ್ಚುಗೆಯಾಗುವುದು ಆಶಾ ಕಾರ್ಯಕರ್ತೆಯರ ಮನೆಭೇಟಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೇ ದಿನ ಅವರು ಬರಬೇಕು. ಎಷ್ಟು ಸರಿಯಾದ ಲೆಕ್ಕ! ಹಾಲು ತುಂಬಿಕೊಂಡು ಎದೆ ಕಲ್ಲಾಗುವುದು, ಮಗುವಿನ ತೂಕ ಇಳಿಯಿತೆಂದು ಮನೆಯವರು ಗಾಬರಿಯಾಗುವುದು ಸರಿಸುಮಾರು ಆ ಮೂರನೇ ದಿನದ ಆಚೀಚೆಯೇ. ಮೊದಲ ದಿನಗಳಲ್ಲಿ ತೂಕ ತುಸು ಇಳಿಯುವುದು ಸಹಜ, ದಿನಕ್ಕೆ ಆರು ಸಲ ಉಚ್ಚೆ ಹೊಯ್ಯತೊಡಗಿದರೆ ಹಾಲು ಸಿಗುತ್ತಿದೆ ಎಂದರ್ಥ ಅಂತ ಬಾಗಿಲಿಗೆ ಬಂದು ಹೇಳುವವರಿದ್ದರೆ ಎಷ್ಟೋ ಡಬ್ಬಿಗಳು ಅಂಗಡಿಯಲ್ಲೇ ಉಳಿಯುತ್ತವೆ. ಈ ಎಲ್ಲ ಭೇಟಿಗಳಿಗೂ ಸೇರಿಸಿ ಕೇಂದ್ರ ಗೊತ್ತುಪಡಿಸಿದ ಪ್ರೋತ್ಸಾಹಧನ 250 ರೂಪಾಯಿ. ನುರಿತ ಕೈ, ತಾಳ್ಮೆ, ಅರ್ಧ ಗಂಟೆ ಕೇಳುವ ಕೆಲಸಕ್ಕೆ ಇಷ್ಟು ಕೊಡುವುದು ಅನ್ಯಾಯ.

ನಗರಗಳಲ್ಲಿ ಈಗ ಲ್ಯಾಕ್ಟೇಶನ್ ಕನ್ಸಲ್ಟಂಟ್‌ಗಳು ಸಿಗುತ್ತಾರೆ. ಅವರಲ್ಲಿ ಒಳ್ಳೆಯವರು ಆ ನರ್ಸ್ ಮಾಡಿದ್ದನ್ನೇ ಮಾಡುತ್ತಾರೆ, ನಾಲಿಗೆಯ ಕೆಳಗಿನ ಎಳೆ ಬಿಗಿಯಾಗಿದೆಯೇ ಎಂದೂ ಪರೀಕ್ಷಿಸುತ್ತಾರೆ. ಫೀಸು ಕೊಡಲಾಗದ ತಾಯಿಗೆ ಅವರಿಂದ ಉಪಯೋಗವಿಲ್ಲ. ಅವಳಿಗಿರುವುದು ಅಮ್ಮ, ಅಜ್ಜಿ. ಬಾಣಂತಿಗೆ ವಿಶ್ರಾಂತಿ, ಸಬ್ಬಸಿಗೆ ಸೊಪ್ಪಿನ ಊಟ, ಮಗುವನ್ನು ಎತ್ತಿಕೊಳ್ಳುವ ಇನ್ನೊಂದು ಜೊತೆ ಕೈ ಕೊಡುವ ನಮ್ಮ ಬಾಣಂತನ ದೊಡ್ಡ ಆಸರೆ. ಅದೇ ಮನೆಯಲ್ಲಿ ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲಿ, ಮಗುವಿನ ನಾಲಿಗೆಗೆ ಜೇನು ತೀಡುವುದೂ ಉಂಟು. ಅಜ್ಜಿಯನ್ನು ಹೊರಗೆ ಕೂರಿಸಿ ಬಾಣಂತಿಗೆ ಮಾತ್ರ ಸಲಹೆ ಕೊಟ್ಟು ಬರುವ ಪದ್ಧತಿ ಅದಕ್ಕೇ ಸೋಲುತ್ತದೆ.

ಎಷ್ಟು ನೆರವಿದ್ದರೂ ಕೆಲವರಿಗೆ ಹಾಲು ನಿಜಕ್ಕೂ ಸಾಲದು. ಥೈರಾಯ್ಡ್ ತೊಂದರೆ, ಗರ್ಭದಲ್ಲಿ ಉಳಿದುಹೋದ ಮಾಸಿನ ಚೂರು ಹೀಗೆ ಕಾರಣಗಳುಂಟು. ಅಂಥ ತಾಯಿಗೆ ಡಬ್ಬಿ ಹಾಲು ಕಲಸುವ ಅಳತೆಯನ್ನೂ ಲೋಟ ಚಮಚ ಕುದಿಸುವ ಕ್ರಮವನ್ನೂ ತೋರಿಸಿಕೊಡಬೇಕಾದವರೂ ಅದೇ ಸ್ಟೂಲಿನ ಮೇಲೆ ಕೂರುವವರೇ.